ವಿಶ್ವವಿದ್ಯಾಲಯಗಳ ಆರೋಗ್ಯ ಮತ್ತು ಯೋಗಕ್ಷೇಮ ಸಂಶೋಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವವಿದ್ಯಾಲಯವೊಂದು ಕೈಗೊಂಡ ಆರೋಗ್ಯ ಅಧ್ಯಯನಕ್ಕೆ ಸೇರುವಂತೆ ಕೋರಿಕೆ ಬಂದವರು, ಈಗಾಗಲೇ ಸೇರಿರುವವರು, ತಮ್ಮ ಮನೆಯವರೊಬ್ಬರು ಸೇರಲು ಹೊರಟಿದ್ದಾರೆಂದು ಯೋಚನೆಗೆ ಬಿದ್ದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕಾನೂನಿನ ವಿವರಗಳು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ. ಆದ್ದರಿಂದ ಎಲ್ಲೆಡೆ ಒಪ್ಪಿತವಾಗಿರುವ ಮೂಲ ತತ್ವಗಳಿಗೆ ಮತ್ತು ಇಂಥ ಕೆಲಸ ನಡೆಯುವ ರೀತಿಗೆ ಇಲ್ಲಿ ಹೆಚ್ಚು ಒತ್ತು ಕೊಡಲಾಗಿದೆ.

ಆರೋಗ್ಯ ಮತ್ತು ಯೋಗಕ್ಷೇಮ ಸಂಶೋಧನೆಯಲ್ಲಿ ಏನೇನು ಸೇರುತ್ತದೆ?

1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು, ಆರೋಗ್ಯವೆಂದರೆ ಕೇವಲ ರೋಗವಿಲ್ಲದಿರುವುದಲ್ಲ, ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಯೋಗಕ್ಷೇಮ ಪೂರ್ಣವಾಗಿರುವ ಸ್ಥಿತಿ ಎಂದು ಹೇಳಿತು. ಪೂರ್ಣ ಎಂಬ ಆ ಅಳತೆಗೆ ನಿಲ್ಲುವವರು ಯಾರಿದ್ದಾರೆ ಎಂಬ ಆಕ್ಷೇಪ ಹಳೆಯದು, ಮತ್ತು ಅದರಲ್ಲಿ ಹುರುಳಿದೆ. ಆದರೂ ಸಂಶೋಧನೆಯ ಬಾಗಿಲನ್ನು ಅಗಲವಾಗಿ ತೆರೆದದ್ದು ಇದೇ ನೋಟ. ಹೃದ್ರೋಗ, ಮಧುಮೇಹ, ಕ್ಯಾನ್ಸರ್‌ಗಳ ಜೊತೆಗೆ ನಿದ್ರೆ, ಒಂಟಿತನ, ಕೆಲಸದ ಒತ್ತಡ, ವಸತಿಯ ಗುಣಮಟ್ಟ, ಗಾಳಿಯ ಮಾಲಿನ್ಯ, ಬಾಲ್ಯದ ಅನುಭವ, ವೃದ್ಧಾಪ್ಯದ ಆರೈಕೆ ಇವೆಲ್ಲವೂ ಇಂದು ಅಧ್ಯಯನದ ವಿಷಯಗಳಾಗಿವೆ. ಹೀಗಾಗಿ ಒಂದೇ ಯೋಜನೆಯಲ್ಲಿ ವೈದ್ಯರು, ದಾದಿಯರು, ಮನಶ್ಶಾಸ್ತ್ರಜ್ಞರು, ಸಂಖ್ಯಾಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು, ಕೆಲವೊಮ್ಮೆ ವಾಸ್ತುಶಿಲ್ಪಿಗಳೂ ಕೂಡಿ ಕೆಲಸ ಮಾಡುವುದನ್ನು ಕಾಣಬಹುದು.

ಆಸ್ಪತ್ರೆಗಳು, ಔಷಧ ಕಂಪನಿಗಳು ಇರುವಾಗ ವಿಶ್ವವಿದ್ಯಾಲಯಗಳು ಈ ಕೆಲಸ ಏಕೆ ಮಾಡಬೇಕು?

ಮಾರಾಟಕ್ಕೆ ಯಾವ ವಸ್ತುವನ್ನೂ ಕೊಡದ ಪ್ರಶ್ನೆಗಳು ಬಹಳ ಇವೆ, ಮತ್ತು ಅವುಗಳಲ್ಲಿ ಕೆಲವು ಉತ್ತರ ಸಿಗಲು ದಶಕಗಳನ್ನೇ ಬೇಡುತ್ತವೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಸರ್ಕಾರದ ಆರೋಗ್ಯ ಇಲಾಖೆಯು 5,209 ಸ್ತ್ರೀಪುರುಷರನ್ನು ಸೇರಿಸಿಕೊಂಡು ಆರಂಭಿಸಿದ ಹೃದಯ ಅಧ್ಯಯನವು 1971ರಿಂದ ಬೋಸ್ಟನ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಮುಂದುವರಿಯಿತು. ಮೊದಲು ಸೇರಿದವರ ಮಕ್ಕಳು, ಆಮೇಲೆ ಮೊಮ್ಮಕ್ಕಳು ಕೂಡ ಅದರಲ್ಲಿ ಪಾಲ್ಗೊಂಡರು. ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್ ಮತ್ತು ಧೂಮಪಾನಕ್ಕೂ ಹೃದಯಾಘಾತಕ್ಕೂ ಇರುವ ನಂಟು ಇಂದು ಎಲ್ಲರಿಗೂ ತಿಳಿದ ಮಾತಾಗಿದ್ದರೆ, ಆ ಜನ ವರ್ಷಗಟ್ಟಲೆ ತಪ್ಪದೆ ಬಂದು ತಪಾಸಣೆಗೆ ಒಳಗಾದದ್ದು ಅದಕ್ಕೊಂದು ದೊಡ್ಡ ಕಾರಣ.

ಇನ್ನೊಂದು ಉದಾಹರಣೆ ಬ್ರಿಟನ್ನಿನದು. 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನವು ಲಂಡನ್ನಿನ ಸುಮಾರು 18,000 ಪುರುಷ ಸರ್ಕಾರಿ ನೌಕರರನ್ನು ಗಮನಿಸಿ, ಹುದ್ದೆಯ ಮೆಟ್ಟಿಲು ಕೆಳಗಿಳಿದಷ್ಟೂ ಸಾವಿನ ಪ್ರಮಾಣ ಏರುತ್ತದೆಂದು ತೋರಿಸಿತು. ಅವರಲ್ಲಿ ಯಾರೂ ಕಡುಬಡವರಾಗಿರಲಿಲ್ಲ, ಎಲ್ಲರಿಗೂ ಖಾಯಂ ನೌಕರಿ ಇತ್ತು. ಹಾಗಿದ್ದೂ ಮೇಲಧಿಕಾರಿಗೂ ಗುಮಾಸ್ತನಿಗೂ ನಡುವೆ ಮಾತ್ರವಲ್ಲ, ಮೇಲಧಿಕಾರಿಗೂ ಅವನಿಗಿಂತ ಒಂದೇ ಹಂತ ಕೆಳಗಿನವನಿಗೂ ನಡುವೆ ವ್ಯತ್ಯಾಸ ಕಂಡಿತು. ಇದರ ಕಾರಣಗಳನ್ನು ಹುಡುಕಲು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು 1985ರಲ್ಲಿ 10,308 ಮಂದಿಯ ಎರಡನೆಯ ಅಧ್ಯಯನವನ್ನು ಆರಂಭಿಸಿದರು. ಇದರಲ್ಲಿ ಮಹಿಳೆಯರನ್ನೂ ಸೇರಿಸಿಕೊಳ್ಳಲಾಯಿತು. ಸಾಮಾಜಿಕ ಸ್ಥಾನವು ದೇಹದೊಳಗೆ ಇಳಿಯುವ ಬಗೆಯನ್ನು ಹೀಗೆ ತಾಳ್ಮೆಯಿಂದ ಕೇಳುತ್ತಾ ಹೋಗಲು ಲಾಭದ ಲೆಕ್ಕಕ್ಕೆ ಕಟ್ಟುಬೀಳದ ಸಂಸ್ಥೆಯೇ ಬೇಕು.

ಯಾವ ಯಾವ ಬಗೆಯ ಅಧ್ಯಯನಗಳಿರುತ್ತವೆ?

ಒಂದು ಕಾಲಘಟ್ಟದಲ್ಲಿ ಅನೇಕರನ್ನು ಪ್ರಶ್ನಿಸುವ ಸಮೀಕ್ಷೆ, ಅದೇ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ದೀರ್ಘಕಾಲೀನ ಅಧ್ಯಯನ, ಒಂದು ಚಿಕಿತ್ಸೆಯನ್ನೋ ಕಾರ್ಯಕ್ರಮವನ್ನೋ ಪರೀಕ್ಷೆಗೆ ಒಡ್ಡುವ ಪ್ರಯೋಗ, ಮತ್ತು ಕೆಲವೇ ಜನರೊಂದಿಗೆ ದೀರ್ಘವಾಗಿ ಕುಳಿತು ಮಾತನಾಡುವ ಗುಣಾತ್ಮಕ ಅಧ್ಯಯನ, ಇವು ಮುಖ್ಯವಾದವು. ಕೊನೆಯದನ್ನು ಕೆಲವರು ಹಗುರವಾಗಿ ಕಾಣುತ್ತಾರೆ, ಅದು ಸರಿಯಲ್ಲ. ರೋಗಿಗಳು ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ ಎಂಬುದನ್ನು ಸಂಖ್ಯೆಗಳು ತಿಳಿಸಬಲ್ಲವು, ಏಕೆ ನಿಲ್ಲಿಸುತ್ತಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಬೇಕಾಗುತ್ತದೆ.

ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದೇಕೆ?

ಹೊಸ ಚಿಕಿತ್ಸೆಯನ್ನು ಯಾರಿಗೆ ಕೊಡಬೇಕೆಂದು ವೈದ್ಯರೇ ಆರಿಸಿದರೆ, ಚೇತರಿಸಿಕೊಳ್ಳುವ ಲಕ್ಷಣ ಇರುವವರೇ, ಅಥವಾ ಕೈಬಿಟ್ಟುಹೋಗುತ್ತಿರುವವರೇ, ಅವರಿಗೆ ಅರಿವಿಲ್ಲದೆ ಒಂದು ಗುಂಪಿನಲ್ಲಿ ತುಂಬಿಕೊಳ್ಳಬಹುದು. ಆಗ ಕಂಡ ವ್ಯತ್ಯಾಸ ಔಷಧದ್ದೋ ಆಯ್ಕೆಯದ್ದೋ ಎಂದು ಹೇಳಲಾಗದು. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಪ್ರಕಟಿಸಿದ ಕ್ಷಯರೋಗದ ಪ್ರಯೋಗವು ಈ ವಿಷಯದಲ್ಲಿ ದಾರಿ ತೋರಿಸಿತು. ಅದರಲ್ಲಿದ್ದ 107 ರೋಗಿಗಳ ಪೈಕಿ 55 ಮಂದಿಗೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ಮತ್ತು ಹಾಸಿಗೆಯ ವಿಶ್ರಾಂತಿ, 52 ಮಂದಿಗೆ ಆಗ ರೂಢಿಯಲ್ಲಿದ್ದ ವಿಶ್ರಾಂತಿ ಮಾತ್ರ. ಯಾರಿಗೆ ಯಾವುದು ಎಂಬುದು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರು ಸಿದ್ಧಪಡಿಸಿದ ಯಾದೃಚ್ಛಿಕ ಪಟ್ಟಿಯಂತೆ ಮೊಹರು ಹಾಕಿದ ಲಕೋಟೆಗಳೊಳಗಿತ್ತು, ರೋಗಿಯನ್ನು ಸೇರಿಸಿಕೊಳ್ಳುವವರೆಗೆ ಯಾರಿಗೂ ಅದು ತಿಳಿಯುವಂತಿರಲಿಲ್ಲ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡರು. ಔಷಧ ಎಲ್ಲರಿಗೂ ಸಾಲುವಷ್ಟು ಇರಲಿಲ್ಲವಾದ್ದರಿಂದ ಹೀಗೆ ಹಂಚುವುದು ಅನ್ಯಾಯವೂ ಆಗಿರಲಿಲ್ಲ. ಎರಡು ದಾರಿಗಳಲ್ಲಿ ಯಾವುದು ಮೇಲೆಂಬುದು ನಿಜವಾಗಿಯೂ ಗೊತ್ತಿಲ್ಲದಿದ್ದಾಗ ಮಾತ್ರ ಇಂಥ ಪ್ರಯೋಗಕ್ಕೆ ಜನರನ್ನು ಕರೆಯಬಹುದು ಎಂಬ ನಿಯಮ ಇಂದಿಗೂ ನಿಂತಿದೆ.

ನೆಮ್ಮದಿಯನ್ನು ಅಳೆಯಲು ಹೇಗೆ ಸಾಧ್ಯ?

ಒಬ್ಬ ವ್ಯಕ್ತಿಯ ಒಳಗಿನ ಬದುಕನ್ನು ಪೂರ್ತಿಯಾಗಿ ಅಳೆಯುವ ಸಾಧನವಿಲ್ಲ, ಇದೆಯೆಂದು ಹೇಳುವವರನ್ನು ನಂಬಬೇಡಿ. ಆದರೆ ಒಂದೇ ಪ್ರಶ್ನೆಗಳನ್ನು ಒಂದೇ ರೀತಿಯಲ್ಲಿ ಬಹಳ ಮಂದಿಗೆ ಕೇಳಿದಾಗ ಗುಂಪುಗಳ ನಡುವಿನ, ಇಲ್ಲವೇ ಕಾಲದಿಂದ ಕಾಲಕ್ಕೆ ಆಗುವ ಬದಲಾವಣೆ ಗೋಚರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಐದು ಅಂಶಗಳ ಯೋಗಕ್ಷೇಮ ಪ್ರಶ್ನಾವಳಿಯನ್ನೇ ನೋಡಿ. ಕಳೆದ ಎರಡು ವಾರಗಳಲ್ಲಿ ಮನಸ್ಸು ಉಲ್ಲಾಸವಾಗಿತ್ತೇ, ಶಾಂತವಾಗಿತ್ತೇ, ಚಟುವಟಿಕೆಯಿಂದ ಇದ್ದಿರಾ, ಎದ್ದಾಗ ನಿದ್ದೆ ಸಾಕೆನಿಸಿತ್ತೇ, ದಿನಗಳಲ್ಲಿ ಆಸಕ್ತಿ ಹುಟ್ಟಿಸುವ ಸಂಗತಿಗಳಿದ್ದವೇ ಎಂದಷ್ಟೇ ಅದು ವಿಚಾರಿಸುತ್ತದೆ. ಪ್ರತಿಯೊಂದಕ್ಕೂ 0ಯಿಂದ 5ರವರೆಗೆ ಅಂಕ. ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ 0ಯಿಂದ 100ರವರೆಗಿನ ಒಂದು ಸಂಖ್ಯೆ ಬರುತ್ತದೆ. ಉತ್ತರಿಸಲು ಒಂದೆರಡು ನಿಮಿಷ ಸಾಕು.

ಇಷ್ಟು ಸರಳವಾಗಿ ಕಾಣುವ ಪ್ರಶ್ನಾವಳಿಯ ಹಿಂದೆ ಬಹಳ ಶ್ರಮವಿದೆ. ಒಂದು ಭಾಷೆಯಲ್ಲಿ ರೂಪುಗೊಂಡದ್ದನ್ನು ಇನ್ನೊಂದಕ್ಕೆ ತಂದಾಗ, ಅದನ್ನು ನೋಡದ ಬೇರೊಬ್ಬರಿಂದ ಮೂಲ ಭಾಷೆಗೆ ಮರಳಿ ಅನುವಾದ ಮಾಡಿಸಿ ಹೋಲಿಸುತ್ತಾರೆ. ಆಮೇಲೆ ಕೆಲವರಿಗೆ ಕೊಟ್ಟು, ಪ್ರಶ್ನೆಯಿಂದ ಅವರು ಏನು ಅರ್ಥ ಮಾಡಿಕೊಂಡರೆಂದು ಕೇಳುತ್ತಾರೆ. ಈ ಹೆಜ್ಜೆಗಳನ್ನು ಬಿಟ್ಟು ತರಾತುರಿಯಲ್ಲಿ ಬಳಸಿದ ಪ್ರಶ್ನಾವಳಿ ಉತ್ತರಿಸಿದವರ ಸಮಯವನ್ನು ಹಾಳುಮಾಡುತ್ತದೆ.

ರಕ್ತದೊತ್ತಡ ನೋಡಲು ಕೂಡ ಅಷ್ಟೊಂದು ಹೊತ್ತು ಏಕೆ?

ಅಧ್ಯಯನ ಕೊಠಡಿಗೆ ಹೋದವರಿಗೆ ಇದು ಅಚ್ಚರಿ ತರುತ್ತದೆ. ಅರ್ಧ ಗಂಟೆ ಮೊದಲಿನಿಂದ ಕಾಫಿ ಕುಡಿಯಬಾರದು, ಸಿಗರೇಟು ಸೇದಬಾರದು. ಬಂದ ಮೇಲೆ ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದಗಳು ನೆಲದ ಮೇಲೆ ಸಮವಾಗಿ ಇರಬೇಕು, ಕಾಲ ಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟಕ್ಕೆ ಇರಬೇಕು, ಮಾತು ಬೇಡ. ತೋಳಿನ ಸುತ್ತಳತೆ ನೋಡಿ ಪಟ್ಟಿಯನ್ನು ಆರಿಸುತ್ತಾರೆ, ಏಕೆಂದರೆ ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಒಂದಕ್ಕಿಂತ ಹೆಚ್ಚು ಸಲ ಅಳೆದು ಸರಾಸರಿ ತೆಗೆಯುತ್ತಾರೆ. ಕೈಯಿಂದ ಅಳೆಯುವ ಉಪಕರಣದಲ್ಲಿ ಇನ್ನೊಂದು ಸೂಕ್ಷ್ಮವಿದೆ: 138 ಎಂದು ಕಂಡದ್ದನ್ನು ಮನುಷ್ಯರು ಅರಿವಿಲ್ಲದೆಯೇ 140 ಎಂದು ಬರೆದುಬಿಡುತ್ತಾರೆ. ಒಬ್ಬರ ಕಾಗದದಲ್ಲಿ ಇದು ಸಣ್ಣ ಸಂಗತಿ. ಸಾವಿರಾರು ಮಂದಿಯ ಅಂಕಿಗಳಲ್ಲಿ ಸೇರಿದರೆ ಇಲ್ಲದ ರೋಗಿಗಳು ಹುಟ್ಟಿಕೊಳ್ಳುತ್ತಾರೆ, ಇರುವವರು ಮರೆಯಾಗುತ್ತಾರೆ.

ನೈತಿಕ ಪರಿಶೀಲನಾ ಸಮಿತಿ ಎಂದರೇನು? ಅದು ನಿಜಕ್ಕೂ ಬೇಕೇ?

ಬೇಕು. ಮನುಷ್ಯರನ್ನು ಒಳಗೊಳ್ಳುವ ಯಾವುದೇ ಅಧ್ಯಯನ ಆರಂಭವಾಗುವ ಮುನ್ನ, ಅದರ ಉದ್ದೇಶ, ಅಪಾಯ, ಒಪ್ಪಿಗೆ ಪತ್ರದ ಭಾಷೆ, ಮಾಹಿತಿಯ ಭದ್ರತೆ ಎಲ್ಲವನ್ನೂ ಸಂಶೋಧಕರಿಗೆ ಸೇರದ ಸಮಿತಿಯೊಂದು ಪರಿಶೀಲಿಸಬೇಕು. ಅದರಲ್ಲಿ ವಿಜ್ಞಾನಿಗಳಲ್ಲದೆ ಕಾನೂನು ಬಲ್ಲವರು ಮತ್ತು ಹೊರಗಿನ ಸಾಮಾನ್ಯ ನಾಗರಿಕರೂ ಇರುವುದು ರೂಢಿ. ಬದಲಾವಣೆ ಕೇಳುವ, ತಿರಸ್ಕರಿಸುವ, ನಡೆಯುತ್ತಿರುವ ಕೆಲಸವನ್ನು ನಿಲ್ಲಿಸುವ ಅಧಿಕಾರ ಸಮಿತಿಗೆ ಇರುತ್ತದೆ.

ಈ ವ್ಯವಸ್ಥೆ ಹುಟ್ಟಿದ್ದು ಜನರ ನೋವಿನಿಂದ. ಸೆರೆಯಾಳುಗಳ ಮೇಲೆ ಬಲವಂತದ ಪ್ರಯೋಗ ನಡೆಸಿದ ನಾಜಿ ವೈದ್ಯರ ವಿಚಾರಣೆಯ ತೀರ್ಪಿನ ಜೊತೆ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆಯ ಮೊದಲ ನಿಯಮವೇ ವ್ಯಕ್ತಿಯ ಸ್ವಇಚ್ಛೆಯ ಒಪ್ಪಿಗೆ ಅನಿವಾರ್ಯ ಎಂಬುದು. ಆದರೂ ಅಮೆರಿಕದ ಟಸ್ಕೀಗಿಯಲ್ಲಿ 1932ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯು ಆರಂಭಿಸಿದ್ದ ಅಧ್ಯಯನ ನಿಲ್ಲಲಿಲ್ಲ. ಸುಮಾರು 600 ಕಪ್ಪುಜನಾಂಗದ ಪುರುಷರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು, ಆದರೆ ಅವರಿಗೆ ರೋಗದ ಹೆಸರನ್ನೂ ಹೇಳಲಿಲ್ಲ. ಪೆನ್ಸಿಲಿನ್ ಬಂದು ಅದೇ ಸರಿಯಾದ ಚಿಕಿತ್ಸೆಯೆಂದು ಸ್ಥಿರಪಟ್ಟ ಮೇಲೂ ಕೊಡಲಿಲ್ಲ. ರೋಗವು ತಾನಾಗಿ ಎಲ್ಲಿಗೆ ಹೋಗುತ್ತದೆಂದು ನೋಡುತ್ತಾ ಕುಳಿತರು. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆದ ಬಳಿಕವಷ್ಟೇ ಅದು ಕೊನೆಗೊಂಡಿತು. ಸಂಸ್ಥೆಗಳಿಗೆ ತಿಳಿದೇ, ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಗಳು ಬರುತ್ತಿದ್ದಾಗಲೇ, 40 ವರ್ಷ ಇದು ನಡೆಯಿತೆಂಬುದನ್ನು ಈ ಕ್ಷೇತ್ರಕ್ಕೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕು. ವ್ಯಕ್ತಿಗೆ ಗೌರವ, ಹಿತ ಮತ್ತು ನ್ಯಾಯ ಎಂಬ ಮೂರು ತತ್ವಗಳನ್ನು ಮುಂದಿಟ್ಟ 1979ರ ಬೆಲ್ಮಾಂಟ್ ವರದಿ ಇದರ ಬೆನ್ನಿಗೇ ಬಂತು. ವಿಶ್ವ ವೈದ್ಯಕೀಯ ಸಂಘವು 1964ರಲ್ಲಿ ಅಂಗೀಕರಿಸಿದ ಹೆಲ್ಸಿಂಕಿ ಘೋಷಣೆಯನ್ನು ಹಲವು ಬಾರಿ ಪರಿಷ್ಕರಿಸಲಾಗಿದ್ದು, 2024ರ ಪರಿಷ್ಕರಣೆಯಲ್ಲಿ ಅಧ್ಯಯನಕ್ಕೆ ಒಳಗಾಗುವವರನ್ನು ಪಾಲ್ಗೊಳ್ಳುವವರೆಂದೇ ಕರೆಯಲಾಗಿದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಏನನ್ನು ಗಮನಿಸಬೇಕು?

ಪತ್ರವನ್ನು ಮನೆಗೆ ಒಯ್ದು ಓದಲು ಸಮಯ ಕೇಳಿ. ಒಳ್ಳೆಯ ತಂಡ ಅದನ್ನು ತಾನಾಗಿಯೇ ಕೊಡುತ್ತದೆ. ಅಧ್ಯಯನ ಏಕೆ, ನಿಮ್ಮಿಂದ ಏನೇನು ಬೇಕು, ಎಷ್ಟು ಸಲ ಬರಬೇಕು, ಯಾವ ಅಪಾಯ ಅಥವಾ ಕಿರಿಕಿರಿ ಸಾಧ್ಯ, ಸೇರದಿದ್ದರೆ ನಿಮಗೆ ಸಿಗುವ ಬೇರೆ ಚಿಕಿತ್ಸೆ ಯಾವುದು, ಹಾನಿಯಾದರೆ ಹೊಣೆ ಯಾರದು, ಹಣ ಕೊಡುತ್ತಿರುವವರು ಯಾರು, ಸಂದೇಹ ಬಂದರೆ ಯಾರನ್ನು ಕೇಳಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಓದಿಯೂ ತಿಳಿಯದಿದ್ದರೆ ದೋಷ ಓದಿದವರದಲ್ಲ, ಬರೆದವರದು. ಕಾರಣ ಕೊಡದೆ ಯಾವಾಗ ಬೇಕಾದರೂ ಹೊರಬರಬಹುದೆಂಬ ಮಾತು ಇರಲೇಬೇಕು, ಮತ್ತು ಹೊರಬಂದಾಗ ಅದುವರೆಗೆ ಕೊಟ್ಟ ಮಾಹಿತಿಯನ್ನು ಅಳಿಸುತ್ತಾರೆಯೇ, ಉಳಿಸಿಕೊಳ್ಳುತ್ತಾರೆಯೇ ಎಂಬುದನ್ನೂ ತಿಳಿಸಿರಬೇಕು. ಹೆಸರು ತೆಗೆದು ಒಟ್ಟು ಲೆಕ್ಕಕ್ಕೆ ಸೇರಿಸಿಬಿಟ್ಟ ಮಾಹಿತಿಯನ್ನು ಮರಳಿ ಬಿಡಿಸಿ ತೆಗೆಯಲು ಆಗುವುದಿಲ್ಲ ಎಂಬುದು ನೆನಪಿನಲ್ಲಿರಲಿ.

ಸಹಿ ಎಂಬುದು ಒಪ್ಪಿಗೆಯ ಗುರುತು ಮಾತ್ರ. ಅಧ್ಯಯನದ ನಡುವೆ ಏನಾದರೂ ಬದಲಾದರೆ, ಹೊಸ ಅಪಾಯ ತಿಳಿದುಬಂದರೆ, ತಂಡ ಮತ್ತೆ ನಿಮ್ಮ ಬಳಿ ಬಂದು ಕೇಳಬೇಕು.

ನಾನು ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಪಾಠ ಹೇಳುವ ಪ್ರಾಧ್ಯಾಪಕರೇ ಕರೆದಾಗ ಒಲ್ಲೆ ಎನ್ನುವುದು ಹೇಗೆ?

ಈ ಪ್ರಶ್ನೆಯಲ್ಲಿರುವ ಮುಜುಗರ ನಿಜವಾದದ್ದು, ಮತ್ತು ಅದನ್ನು ನಿವಾರಿಸಬೇಕಾದವರು ವಿದ್ಯಾರ್ಥಿಗಳಲ್ಲ. ಅಂಕ ಕೊಡುವವರೇ ಒಪ್ಪಿಗೆ ಕೇಳುವ ಸ್ಥಿತಿಯನ್ನು ಸಮಿತಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೇರೆ ಯಾರಾದರೂ ಆಹ್ವಾನಿಸಬೇಕು, ಯಾರು ಸೇರಿದರು ಯಾರು ಬಿಟ್ಟರು ಎಂಬುದು ಬೋಧಕರಿಗೆ ತಿಳಿಯಬಾರದು. ಪಾಲ್ಗೊಳ್ಳುವುದಕ್ಕೆ ಹೆಚ್ಚುವರಿ ಅಂಕ ಇಟ್ಟಿದ್ದರೆ ಅಷ್ಟೇ ಶ್ರಮದ ಬೇರೊಂದು ಕೆಲಸವನ್ನೂ ಆಯ್ಕೆಯಾಗಿ ಕೊಡಬೇಕು. ವಿಜ್ಞಾನದ ದೃಷ್ಟಿಯಿಂದಲೂ ಇಲ್ಲೊಂದು ಕೊರತೆಯಿದೆ. ಕೈಗೆ ಸುಲಭವಾಗಿ ಸಿಗುವ ವಿದ್ಯಾರ್ಥಿಗಳನ್ನೇ ಪರೀಕ್ಷಿಸಿ ಇಡೀ ಮನುಕುಲದ ಬಗ್ಗೆ ತೀರ್ಮಾನಕ್ಕೆ ಬರುವ ಅಭ್ಯಾಸವನ್ನು ಸಂಶೋಧಕ ಜೋಸೆಫ್ ಹೆನ್ರಿಕ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 2010ರಲ್ಲಿ ಕಟುವಾಗಿ ವಿಮರ್ಶಿಸಿದರು. ಶ್ರೀಮಂತ ಪಾಶ್ಚಾತ್ಯ ಸಮಾಜಗಳ ಜನ ಹಲವು ವಿಷಯಗಳಲ್ಲಿ ಉಳಿದವರಂತೆ ಇಲ್ಲವೆಂದು ಅವರು ತೋರಿಸಿದರು.

ನನ್ನ ಮಾಹಿತಿ ಗುಟ್ಟಾಗಿ ಉಳಿಯುತ್ತದೆಯೇ?

ಹೆಸರಿನ ಬದಲು ಒಂದು ಸಂಕೇತ ಸಂಖ್ಯೆ ಕೊಟ್ಟು, ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಬೇರೆಡೆ ಬೀಗದಲ್ಲಿ ಇಡುವುದು ಸಾಮಾನ್ಯ ಪದ್ಧತಿ. ಆ ಪಟ್ಟಿ ಇರುವವರೆಗೆ ನಿಮ್ಮನ್ನು ಗುರುತಿಸಲು ಸಾಧ್ಯವಿರುತ್ತದೆ. ಅದನ್ನು ನಾಶಮಾಡಿದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಹುಟ್ಟಿದ ದಿನಾಂಕ, ಲಿಂಗ ಮತ್ತು ಅಂಚೆ ಸಂಖ್ಯೆ ಈ ಮೂರೇ ಸಿಕ್ಕರೆ ಅಮೆರಿಕದ ಬಹುಪಾಲು ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ಗಣಕ ವಿಜ್ಞಾನಿ ಲತಾನ್ಯಾ ಸ್ವೀನಿ ತೋರಿಸಿಕೊಟ್ಟು ದಶಕಗಳಾದವು. ಆದ್ದರಿಂದ ಎಚ್ಚರದ ತಂಡಗಳು ದಿನಾಂಕದ ಬದಲು ವಯಸ್ಸಿನ ಶ್ರೇಣಿಯನ್ನಷ್ಟೇ ಹೊರಗೆ ಕೊಡುತ್ತವೆ, ತೀರಾ ಸಣ್ಣ ಗುಂಪುಗಳ ಅಂಕಿಗಳನ್ನು ಪ್ರಕಟಿಸುವುದಿಲ್ಲ. ಗೋಪ್ಯತೆಗೂ ಮಿತಿಯಿದೆ: ಒಬ್ಬರ ಜೀವಕ್ಕೆ ಅಪಾಯವಿದೆ ಅಥವಾ ಮಗುವೊಂದು ಹಿಂಸೆಗೆ ಒಳಗಾಗುತ್ತಿದೆ ಎಂದು ತಿಳಿದರೆ ತಂಡ ಸುಮ್ಮನಿರಲಾಗದು, ಮತ್ತು ಆ ಮಿತಿಯನ್ನು ಮೊದಲೇ ಹೇಳಿರಬೇಕು.

ಕೊಟ್ಟ ರಕ್ತದ ಮಾದರಿ ಮುಂದೆ ಏನಾಗುತ್ತದೆ?

ಒಪ್ಪಿಗೆಯಲ್ಲಿ ಬರೆದಂತೆ ಆಗಬೇಕು. ಹಾಗಾಗದ ಕಾಲವೂ ಇತ್ತು. 1951ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗೆಡ್ಡೆಯಿಂದ ತೆಗೆದ ಜೀವಕೋಶಗಳು ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಹೋಗಿ ಜಗತ್ತಿನಾದ್ಯಂತ ಹಂಚಿಕೆಯಾದವು. ಆಕೆಯನ್ನು ಯಾರೂ ಕೇಳಿರಲಿಲ್ಲ, ಮನೆಯವರಿಗೆ ವಿಷಯ ಗೊತ್ತಾಗಲು ಎರಡು ದಶಕಗಳು ಹಿಡಿದವು. ಇಂದು ದೊಡ್ಡ ಸಂಗ್ರಹಗಳು ಮುಂದಿನ ಉಪಯೋಗಗಳಿಗೂ ಮೊದಲೇ ಒಪ್ಪಿಗೆ ಕೇಳುತ್ತವೆ. 2006ರಿಂದ 2010ರವರೆಗೆ 40ರಿಂದ 69 ವಯಸ್ಸಿನ ಸುಮಾರು 5 ಲಕ್ಷ ಮಂದಿಯನ್ನು ಸೇರಿಸಿಕೊಂಡ ಯುಕೆ ಬಯೋಬ್ಯಾಂಕ್ ಹೀಗೆ ಮಾಡಿದ್ದು. ಭವಿಷ್ಯದ ಎಲ್ಲ ಬಳಕೆಗೂ ಒಮ್ಮೆಗೇ ಒಪ್ಪುವುದು ಇಷ್ಟವಿಲ್ಲದಿದ್ದರೆ, ಈ ಅಧ್ಯಯನಕ್ಕೆ ಮಾತ್ರ ಎಂದು ಮಿತಿಗೊಳಿಸುವ ಅವಕಾಶವಿದೆಯೇ ಎಂದು ಕೇಳಿ.

ಪರೀಕ್ಷೆಯಲ್ಲಿ ನನಗೇನಾದರೂ ತೊಂದರೆ ಕಂಡರೆ ತಿಳಿಸುತ್ತಾರೆಯೇ?

ಅಧ್ಯಯನದ ತಪಾಸಣೆ ಚಿಕಿತ್ಸೆಯ ತಪಾಸಣೆಗೆ ಸಮವಲ್ಲ. ಸಂಶೋಧಕರು ನಿಮ್ಮನ್ನು ಗುಣಪಡಿಸಲು ಅಲ್ಲಿಲ್ಲ, ಒಂದು ಪ್ರಶ್ನೆಗೆ ಉತ್ತರ ಹುಡುಕಲು ಇದ್ದಾರೆ, ಮತ್ತು ಈ ವ್ಯತ್ಯಾಸವನ್ನು ಬಿಳಿಯ ಕೋಟು ಸುಲಭವಾಗಿ ಮರೆಸಿಬಿಡುತ್ತದೆ. ಹಾಗೆಂದು ತುರ್ತಾದದ್ದು ಕಂಡಾಗ ಮೌನವಾಗಿರುವಂತಿಲ್ಲ. ಖಿನ್ನತೆಯನ್ನು ಅಂದಾಜಿಸುವ ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿಯ ಒಂಬತ್ತನೆಯ ಪ್ರಶ್ನೆಯು, ಸತ್ತರೆ ಮೇಲೆಂಬ ಅಥವಾ ತನಗೆ ತಾನೇ ಘಾಸಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು ವಿಚಾರಿಸುತ್ತದೆ. ಅದನ್ನು ಕೇಳುವ ತಂಡವು ಹೌದೆಂಬ ಉತ್ತರ ಬಂದ ದಿನವೇ ಯಾರು ಮಾತನಾಡುತ್ತಾರೆ, ಯಾವ ಆಪ್ತಸಮಾಲೋಚಕರ ಬಳಿಗೆ ಕಳಿಸುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಉತ್ತರಗಳನ್ನು ತಿಂಗಳ ನಂತರ ತೆರೆದು ನೋಡುವ ಉದ್ದೇಶವಿದ್ದರೆ ಆ ಪ್ರಶ್ನೆಯನ್ನು ಕೇಳಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಾಲ್ಗೊಂಡರೆ ಹಣ ಕೊಡುತ್ತಾರೆಯೇ?

ಪ್ರಯಾಣದ ಖರ್ಚು ಮತ್ತು ಕಳೆದ ಸಮಯಕ್ಕೆ ಅಲ್ಪ ಮೊತ್ತ ಕೊಡುವುದುಂಟು. ಅಪಾಯವನ್ನು ಮರೆಯುವಷ್ಟು ದೊಡ್ಡ ಮೊತ್ತ ಇರಬಾರದೆಂಬುದು ನಿಯಮ, ಆದರೆ ಬಡವರ ಸಮಯಕ್ಕೆ ಬೆಲೆಯೇ ಇಲ್ಲವೆಂಬಂತೆ ನಡೆದುಕೊಳ್ಳುವುದೂ ತಪ್ಪು.

ಔಷಧ ಕಂಪನಿಯೋ ಆಹಾರ ಕಂಪನಿಯೋ ಹಣ ಕೊಟ್ಟ ಸಂಶೋಧನೆಯನ್ನು ನಂಬಬಹುದೇ?

ಹಣದ ಮೂಲವೊಂದರಿಂದಲೇ ಫಲಿತಾಂಶ ಸುಳ್ಳಾಗುವುದಿಲ್ಲ, ಆದರೆ ಹೆಚ್ಚು ಗಮನವಿಟ್ಟು ಓದಬೇಕಾಗುತ್ತದೆ. ಅತಿ ದೊಡ್ಡ ಅಪಾಯವೆಂದರೆ ಅನುಕೂಲವಾಗಿ ಬಂದದ್ದನ್ನು ಪ್ರಕಟಿಸಿ ಉಳಿದದ್ದನ್ನು ಕಪಾಟಿನಲ್ಲಿಡುವುದು. ಇದನ್ನು ತಡೆಯಲೆಂದೇ ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಸಾರ್ವಜನಿಕವಾಗಿ ನೋಂದಾಯಿಸದ ಪ್ರಯೋಗಗಳ ವರದಿಯನ್ನು ಸ್ವೀಕರಿಸುವುದಿಲ್ಲವೆಂಬ ನಿಯಮವನ್ನು 2005ರಲ್ಲಿ ಜಾರಿಗೆ ತಂದರು. ಏನನ್ನು ಅಳೆಯುತ್ತೇವೆಂದು ಮೊದಲು ಬರೆದದ್ದನ್ನೂ ಕೊನೆಗೆ ಪ್ರಕಟಿಸಿದ್ದನ್ನೂ ಅಕ್ಕಪಕ್ಕದಲ್ಲಿಟ್ಟು ಯಾರು ಬೇಕಾದರೂ ಹೋಲಿಸಬಹುದು. ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚಪಡಬೇಡಿ.

ಒಂದು ಅಧ್ಯಯನ ಹೌದು ಎನ್ನುತ್ತದೆ, ಇನ್ನೊಂದು ಅಲ್ಲ ಎನ್ನುತ್ತದೆ. ಯಾವುದನ್ನು ಒಪ್ಪಬೇಕು?

ಒಂದೇ ಅಧ್ಯಯನವನ್ನು ಕೊನೆಯ ಮಾತೆಂದು ತೆಗೆದುಕೊಳ್ಳಬೇಡಿ. ಒಂದು ಪ್ರಶ್ನೆಯ ಮೇಲೆ ನಡೆದ ಎಲ್ಲ ಅಧ್ಯಯನಗಳನ್ನೂ ಹುಡುಕಿ, ಗುಣಮಟ್ಟ ತೂಗಿ, ಒಟ್ಟುಗೂಡಿಸುವ ವ್ಯವಸ್ಥಿತ ವಿಮರ್ಶೆಗಳು ಹೆಚ್ಚು ನೆಚ್ಚಿಕೆಗೆ ಅರ್ಹ. 1993ರಲ್ಲಿ ಸ್ಥಾಪನೆಯಾದ ಕಾಕ್ರೇನ್ ಸಂಸ್ಥೆಯ ಮುಖ್ಯ ಕೆಲಸವೇ ಇದು. ಸುದ್ದಿಯಲ್ಲಿ ಅಪಾಯ ಎರಡು ಪಟ್ಟು ಎಂದು ಓದಿದಾಗ, ಮೊದಲು ಎಷ್ಟಿತ್ತು ಎಂದು ನೋಡಿ. 10,000ದಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆದರೂ ಎರಡು ಪಟ್ಟೇ, 100ರಲ್ಲಿ 20 ಮಂದಿಗೆ ಆಗುತ್ತಿದ್ದದ್ದು 40 ಮಂದಿಗೆ ಆದರೂ ಎರಡು ಪಟ್ಟೇ.

ವಿಶ್ವವಿದ್ಯಾಲಯಗಳು ತಮ್ಮಲ್ಲೇ ಇರುವವರ ಯೋಗಕ್ಷೇಮಕ್ಕೆ ಏನು ಮಾಡುತ್ತವೆ?

ಕೆನಡಾದಲ್ಲಿ 2015ರಲ್ಲಿ ರೂಪುಗೊಂಡ ಓಕನಾಗನ್ ಸನದು, ಆರೋಗ್ಯದ ಕಾಳಜಿಯು ಕ್ಯಾಂಪಸ್ಸಿನ ಆಡಳಿತ, ಪಾಠ, ಕಟ್ಟಡ ಎಲ್ಲದರಲ್ಲೂ ಬೆರೆತಿರಬೇಕೆಂದು ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕರೆಕೊಟ್ಟಿತು. ಆತ್ಮವಿಶ್ವಾಸ ಹೆಚ್ಚಿಸುವ ಶಿಬಿರ ನಡೆಸುವುದು ಸುಲಭ. ಪರೀಕ್ಷೆಗಳು ಒಂದೇ ವಾರದಲ್ಲಿ ಗುಂಪಾಗಿ ಬೀಳದಂತೆ ನೋಡಿಕೊಳ್ಳುವುದು, ಸಂಶೋಧನಾ ವಿದ್ಯಾರ್ಥಿಗೆ ಮಾರ್ಗದರ್ಶಕರನ್ನು ಬದಲಿಸಿಕೊಳ್ಳಲು ಗೌರವದ ದಾರಿ ಇರುವುದು, ಆಪ್ತಸಮಾಲೋಚನೆಗೆ ವಾರಗಟ್ಟಲೆ ಕಾಯದಂತೆ ಮಾಡುವುದು ಕಷ್ಟ, ಮತ್ತು ಮುಖ್ಯ.

ಸಂಶೋಧನೆಯ ವಿಷಯ ಯಾವುದಾಗಬೇಕೆಂದು ಹೇಳುವ ಅವಕಾಶ ಸಾಮಾನ್ಯರಿಗೆ ಇದೆಯೇ?

ಇದೆ, ಮತ್ತು ಅದು ಬೆಳೆಯುತ್ತಿದೆ. ಬ್ರಿಟನ್ನಿನಲ್ಲಿ 2004ರಲ್ಲಿ ಆರಂಭವಾದ ಜೇಮ್ಸ್ ಲಿಂಡ್ ಅಲಯನ್ಸ್, ರೋಗಿಗಳು, ಅವರನ್ನು ನೋಡಿಕೊಳ್ಳುವವರು ಮತ್ತು ವೈದ್ಯರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಉತ್ತರ ಸಿಗದ ಪ್ರಶ್ನೆಗಳಲ್ಲಿ ಮೊದಲ ಹತ್ತನ್ನು ಆರಿಸುವ ಪದ್ಧತಿಯನ್ನು ಬೆಳೆಸಿದೆ. ಸಂಶೋಧಕರು ಹೊಸ ಔಷಧವನ್ನು ಯೋಚಿಸುವಾಗ, ರೋಗದೊಂದಿಗೆ ಬದುಕುವವರು ದಣಿವು, ನಿದ್ದೆ, ದಿನನಿತ್ಯದ ಓಡಾಟದ ಬಗ್ಗೆ ಕೇಳುವುದು ಇಂಥಲ್ಲಿ ಸ್ಪಷ್ಟವಾಗುತ್ತದೆ.

ಅಧ್ಯಯನ ಮುಗಿದ ಮೇಲೆ ಫಲಿತಾಂಶ ನನಗೂ ತಿಳಿಯುತ್ತದೆಯೇ?

ತಿಳಿಸಬೇಕು. ಹೆಲ್ಸಿಂಕಿ ಘೋಷಣೆಯೂ ಪಾಲ್ಗೊಂಡವರಿಗೆ ಒಟ್ಟಾರೆ ಫಲಿತಾಂಶವನ್ನು ತಿಳಿದುಕೊಳ್ಳುವ ಆಯ್ಕೆ ಇರಬೇಕೆನ್ನುತ್ತದೆ. ಆದರೆ ಮಾಹಿತಿ ಸಂಗ್ರಹ, ವಿಶ್ಲೇಷಣೆ, ಬೇರೆ ತಜ್ಞರ ವಿಮರ್ಶೆ, ಪ್ರಕಟಣೆ ಇವೆಲ್ಲ ಮುಗಿಯಲು ಸಾಮಾನ್ಯವಾಗಿ ವರ್ಷಗಳೇ ಬೇಕು. ಹಲವು ತಂಡಗಳು ಅಷ್ಟರಲ್ಲಿ ಮುಂದಿನ ಯೋಜನೆಗೆ ಹೊರಳಿ, ಸಮಯ ಕೊಟ್ಟವರನ್ನು ಮರೆಯುತ್ತವೆ. ಸೇರುವ ದಿನವೇ ಫಲಿತಾಂಶದ ಸಾರಾಂಶವನ್ನು ನನಗೆ ತಿಳಿಯುವ ಭಾಷೆಯಲ್ಲಿ ಕಳಿಸಿ ಎಂದು ಕೇಳಿ, ವಿಳಾಸ ಬರೆಸಿ, ಒಪ್ಪಿಗೆ ಪತ್ರದ ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಚಿಕಿತ್ಸೆಯಿಂದ ಪ್ರಯೋಜನ ಕಾಣಲಿಲ್ಲ ಎಂಬ ಫಲಿತಾಂಶವೂ ಫಲಿತಾಂಶವೇ, ಅದನ್ನೂ ಕಳಿಸಬೇಕಾದದ್ದೇ.